ಬೋರ್ಡು ಇಲ್ಲದ ಸಾಲಿ

ಬೆಳಿಗ್ಗೆ ಏಳಕ್ಕೆ ವ್ಯಾನು ಬರುತ್ತಿತ್ತು. ಮಗರಾಯ ನಿದ್ದೆಗಣ್ಣಲ್ಲೇ ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದ, ಸಂಜೆ ನಿದ್ದೆಗಣ್ಣಲ್ಲೇ ತಡಸಕ್ಕೆ ಬಂದಿಳಿಯುತ್ತಿದ್ದ. ನಾನು ಕಟ್ಟುವ ಫೀಸನ್ನು ಅವನು ಎಚ್ಚರವಿದ್ದ ತಾಸುಗಳಿಗೆ ಭಾಗಿಸಿ ನೋಡಿದೆ. ಗೊಬ್ಬರದಂಗಡಿಯವನಿಗೆ ಎಲ್ಲದರ ಕಿಲೋ ದರ ತೆಗೆಯುವ ಚಟ. ದುಬಾರಿ ಬಿತ್ತು. ಮೂರನೆಯ ಇಯತ್ತೆ ಮುಗಿದದ್ದೇ ಟಿ.ಸಿ. ತಂದು, ‘ಇನ್ನ ಮನ್ಯಾಗ ನಾನ ಕಲಸ್ತೇನಿ’ ಎಂದು ಸಾರಿದೆ.

ಅವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. ‘ಪರೀಕ್ಷಾ?’

‘ಕೇಂದ್ರ ಸರಕಾರದ ಮುಕ್ತ ಶಾಲೆ ಐತಿ, ಎನ್‌ಐಒಎಸ್. 14 ತುಂಬಿದ್ರ ಮನ್ಯಾಗ ಓದಿ ಹತ್ತನೇತ್ತಾ ಕಟ್ಟಬಹುದು.’

‘ಇವಗ ಈಗ ಎಂಟು. ಆರು ವರ್ಷ ಅಂಗಡಿ ಮುಚ್ಚಿ ಕುಂದ್ರಾಂವೇನು?’

ಕೊರೋನಾ ವರ್ಷ, 2020ರಲ್ಲಿ, ವಿದ್ಯಾಗಮ ಅಂತ ಮಾಸ್ತರರೇ ಗುಡಿಕಟ್ಟೆಗೆ ಬಂದು ಕಲಿಸಿದ್ದನ್ನು ನೆನಪಿಸಿದೆ. ಕೇಳಲಿಲ್ಲ. ನಮ್ಮ ತಾಲ್ಲೂಕಿನ ಶಿಶುನಾಳ ಶರೀಫಜ್ಜನನ್ನೇ ತಂದು ನಿಲ್ಲಿಸಿದೆ: ಅವನೂ ಸಾಲಿ ಬಿಟ್ಟವನೇ ಅಲ್ಲವೆ?

‘ಅಂವ ಬಿಟ್ಟಿದ್ದು ಮಾಸ್ತರಿಕಿ. ಸಾಲಿ ಕಲತ ಮ್ಯಾಲೆ.’

ರಾತ್ರಿ ಕೂತು 2009ರ ಶಿಕ್ಷಣ ಹಕ್ಕು ಕಾಯ್ದೆ ಓದಿದೆ. ಔಷಧದ ಡಬ್ಬಿಯ ಸಣ್ಣ ಅಕ್ಷರಗಳನ್ನೂ ಅಷ್ಟು ಶ್ರದ್ಧೆಯಿಂದ ಓದಿದವನಲ್ಲ ನಾನು. ಆರರಿಂದ ಹದಿನಾಲ್ಕರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎನ್ನುತ್ತದೆ 10ನೆಯ ಕಲಂ. ಸೇರಿಸದಿದ್ದರೆ ದಂಡವೆಷ್ಟು ಎಂದು ಹುಡುಕಿದೆ. ಆ ಕಾಯ್ದೆಯಲ್ಲಿ ಇಲ್ಲ. ಮನೆಯಲ್ಲಿ ಕಲಿಸಬಹುದೆಂದೂ ಇಲ್ಲ, ಕಲಿಸಕೂಡದೆಂದೂ ಇಲ್ಲ. ಹೆಣ್ಣು ನೋಡಿ ಹೋದವರು ‘ತಿಳಸ್ತೀವಿ’ ಅಂದ ಹಾಗೆ.

ಧೈರ್ಯ ಬಂತು. ಅಷ್ಟರಲ್ಲಿ ಮಗ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಅಪ್ಪನ ಸಾಲಿ, ತಡಸ’ ಎಂದು ಬರೆದ. ಓಣಿಯ ಇನ್ನಿಬ್ಬರು ಪಾಟಿ ಹಿಡಿದು ಬಂದು ಕೂತೇಬಿಟ್ಟರು. ನನಗೆ 18ನೆಯ ಕಲಂ ಕಣ್ಣ ಮುಂದೆ ಬಂತು: ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ನಡೆಸಿದರೆ ದಿನಕ್ಕೆ 10,000. ಹೆಗಲ ಟವೆಲಿನಿಂದ ಬಾಗಿಲು ಒರೆಸಿ, ಹುಡುಗರಿಗೆ ಒಂದೊಂದು ಪೆಪ್ಪರಮಿಂಟು ಕೊಟ್ಟು ಸಾಗಹಾಕಿದೆ. ಮರುದಿನ ಐವರು ಬಂದರು.

ಪಾಠವನ್ನು ಅಂಗಡಿಗೆ ಒಯ್ದೆ. ಯೂರಿಯಾ ಚೀಲ 45 ಕಿಲೋ, ಡಿಎಪಿ 50. ಕೂಡಿಸುವುದಕ್ಕೂ ಕಳೆಯುವುದಕ್ಕೂ ಇನ್ನೇನು ಬೇಕು? ಓದುವುದಕ್ಕೆ ಉದ್ರಿ ಪುಸ್ತಕ ಕೊಟ್ಟೆ. ಅಲ್ಲೇ ಎಡವಟ್ಟಾಯಿತು. ಗಟ್ಟಿಯಾಗಿ ಓದು, ತಡವರಿಸಬೇಡ ಎಂದವನೂ ನಾನೇ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು, ಹಿರಿಯರೊಬ್ಬರು ಗೋವಿನಜೋಳದ ಬೀಜ ವಿಚಾರಿಸುತ್ತ ನಿಂತಿದ್ದರು. ಸರಿಯಾಗಿ ಅವರದೇ ಪುಟ ಬಂತು.

‘ಹ್ವಾದ ಮುಂಗಾರಿಂದು ಎರಡು ಚೀಲ, ಬಾಕಿ. ಹಿಂಗಾರಿಂದು ಒಂದು ಚೀಲ, ಬಾಕಿ. ಒಟ್ಟ ಮೂರು, ಕಾಕಾ.’

ಉಚ್ಚಾರ ಸ್ಪಷ್ಟವಾಗಿತ್ತು. ಲೆಕ್ಕವೂ ಸರಿಯಿತ್ತು.

ನಾಲ್ಕನೆಯ ದಿನ ಶಿಕ್ಷಣ ಇಲಾಖೆಯ ಸಿ.ಆರ್.ಪಿ. ಸರ ಬಂದರು. ‘ಸಾಲಿ ಬಿಟ್ಟ ಹುಡುಗ ಅಂಗಡ್ಯಾಗ ದುಡೀತಾನ ಅಂತ ಫೋನ್ ಬಂದಿತ್ರಿ, ಸಾವ್ಕಾರ್ರ.’ ಯಾರದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪುಟದ ನಂಬರು ನನಗೆ ಗೊತ್ತಿತ್ತು.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯನ್ನೂ ನಾನು ಓದಿಟ್ಟುಕೊಂಡಿದ್ದೆ. ‘ಮನೀ ಅಂಗಡ್ಯಾಗ ಮಗ ಕೈಗೂಡಿಸಬಹುದಲ್ರಿ ಸರ?’ ಎಂದೆ.

‘ಸಾಲಿ ಬಿಟ್ಟ ಮ್ಯಾಲೆ, ಇಲ್ಲಾ ಸೂಟಿಯಾಗ ಅಂತ ಐತ್ರಿ. ಅಪಾಯದ್ದು ಇರಬಾರದು, ನಿಮ್ಮಲ್ಲಿ ನೋಡಿದ್ರ ಬೆಳಿಗೆ ಹೊಡಿಯೂ ಎಣ್ಣಿ ಡಬ್ಬಿ ಸಾಲಾಗಿ ಅದಾವು. ಅದಿರ್ಲಿ, ಇವಗ ಸಾಲೀನ ಇಲ್ಲ ಅಂದ್ಮ್ಯಾಲೆ ಸಾಲಿ ಬಿಡೂ ಹೊತ್ತು ಯಾವುದ್ರಿ?’

ಎರಡು ಕಾಯ್ದೆ ಓದಿದವನಿಗೆ ಒಂದು ಉತ್ತರ ಹೊಳೆಯಲಿಲ್ಲ. ಸರ ಚಹಾ ಕುಡಿದು ಸಮಾಧಾನ ಹೇಳಿದರು: ವರ್ಷದ ನಡುವೆ ಬಂದರೂ ಸರಕಾರಿ ಸಾಲಿ ಒಲ್ಲೆ ಎನ್ನುವಂತಿಲ್ಲ, ವಯಸ್ಸಿಗೆ ತಕ್ಕ ಇಯತ್ತೆಯಲ್ಲಿ ಕೂಡಿಸಬೇಕು. ಮಗನ ಪ್ರಶ್ನೆ ಒಂದೇ ಇತ್ತು. ‘ಬಾಳೆಹಣ್ಣ ಕೊಡ್ತಾರೇನ್ರಿ ಸರ?’ ತತ್ತಿ ತಿನ್ನದವರಿಗೆ ಕೊಡುತ್ತಾರೆ. ಅಪ್ಪನ ಸಾಲಿಯಲ್ಲಿ ಅದರ ವ್ಯವಸ್ಥೆ ಇರಲಿಲ್ಲ. ಅವ್ವ ಅಂದೇ ಪಾಟಿಚೀಲದ ಧೂಳು ಝಾಡಿಸಿದಳು.

ಈಗ ನಡೆದುಕೊಂಡೇ ಹೋಗುತ್ತಾನೆ, ಎಚ್ಚರವಾಗಿಯೇ ಬರುತ್ತಾನೆ. ಉದ್ರಿ ಪುಸ್ತಕದ ವಾಚನ ಸಾಲಿ ಬಿಟ್ಟ ಮೇಲೆ, ಸಂಜೆ ಐದರಿಂದ, ಕಾಯ್ದೆ ಪ್ರಕಾರ. ಬಾಕಿ ಇದ್ದವರು ಅದಕ್ಕೂ ಮೊದಲೇ ಬಂದುಹೋಗಬೇಕಾಗಿ ವಿನಂತಿ.