ಸಣ್ಣ ಅಂಕಿ ಸೋತದ್ದು ಹೇಗೆ?

ಅವಸರ ಇಲ್ಲ ತಾನೆ? ನೀನು ಬಟ್ಟೆ ಹರವುತ್ತಿರು, ನಾನು ಈ ಕಡೆಯಿಂದಲೇ ಹೇಳ್ತೀನಿ. ಹೊರಗಿನ ಒಂದು ನೆಟ್‌ವರ್ಕಿಗೆ ನಿಮ್ಮ ಬೆಂಗಳೂರಿನ ರೂಟರ್ ಮೊದಲಿಂದ ದಾರಿ ಸಾರುತ್ತಿತ್ತು, ಮೆಟ್ರಿಕ್, ಅಂದರೆ ದಾರಿಯ ಖರ್ಚಿನ ಅಂಕಿ, 100. ಈಗ ಹುಬ್ಬಳ್ಳಿಗೆ ಹೊಸ ಲೈನ್ ಬಂದಿದೆ, ಅದೇ ನೆಟ್‌ವರ್ಕಿಗೆ ಮೆಟ್ರಿಕ್ 5. ಆದರೂ ದಾವಣಗೆರೆಯ ರೂಟರ್ ಎಲ್ಲವನ್ನೂ ಬೆಂಗಳೂರಿಗೇ ತಳ್ಳುತ್ತಿದೆ. 'ರೂಟರ್ ಕೆಟ್ಟಿದೆಯಾ ಅಂಕಲ್?' ಅಂತೀಯ. ಇಲ್ಲಮ್ಮ, ಅದು ಹೇಳಿದ ಹಾಗೆಯೇ ಕೇಳ್ತಿದೆ.

ರೂಟಿಂಗ್ ಟೇಬಲ್‌ನಲ್ಲಿ ಆ ದಾರಿಯ ಪಕ್ಕ ಇ1, ಅಂದರೆ ಹೊರಗಿನ ಟೈಪ್ 1, ಅಂತ ಇದೆ ಅಂದೆಯಲ್ಲ, ವಿಷಯ ಇರೋದು ಅಲ್ಲೇ. ನಿಮ್ಮ ರೂಟರುಗಳು ದಾರಿ ಆರಿಸೋಕೆ ಬಳಸೋ ಓಎಸ್‌ಪಿಎಫ್, ಅಂಕಿ ನೋಡೋಕೆ ಮೊದಲು ದಾರಿ ಯಾವ ಬಗೆಯದು ಅಂತ ನೋಡುತ್ತೆ. ತನ್ನ ಏರಿಯಾ ಒಳಗಿನದು ಮೊದಲು, ಬೇರೆ ಏರಿಯಾದ್ದು ಆಮೇಲೆ, ಹೊರಗಿನದರಲ್ಲಿ ಟೈಪ್ 1, ಎಲ್ಲಕ್ಕೂ ಕೊನೆಗೆ ಟೈಪ್ 2. ಜಾನ್ ಮಾಯ್ ಬರೆದ ಓಎಸ್‌ಪಿಎಫ್ ನಿಯಮಗಳ ದಾಖಲೆ ಆರ್‌ಎಫ್‌ಸಿ 2328ರಲ್ಲಿ, 1998ರದು ಅದು, ಇದು ಸ್ಪಷ್ಟವಾಗಿದೆ. ನಿಮ್ಮ ಬೆಂಗಳೂರಿನದು ಟೈಪ್ 1, ಹುಬ್ಬಳ್ಳಿಯದು ಟೈಪ್ 2. ಬೆಂಗಳೂರಿನ ಮೆಟ್ರಿಕ್ ಒಂದು ಲಕ್ಷ ಇದ್ದರೂ ಅದೇ ಗೆಲ್ಲೋದು.

ಹುಬ್ಬಳ್ಳಿಯಲ್ಲಿ ಯಾರೂ ಬೇಕಂತ ಟೈಪ್ 2 ಹಾಕಿರಲಿಕ್ಕಿಲ್ಲ. ಸಿಸ್ಕೊ ರೂಟರಿನಲ್ಲಿ ಹೊರಗಿನ ದಾರಿಯನ್ನ ಓಎಸ್‌ಪಿಎಫ್ ಒಳಗೆ ತಂದು ಟೈಪ್ ಹೇಳದೆ ಬಿಟ್ಟರೆ ಅದು ತಾನಾಗೇ ಟೈಪ್ 2 ಆಗುತ್ತೆ; ಮೆಟ್ರಿಕ್ಕೂ ಹೇಳದಿದ್ದರೆ ಅದು ಸಾಮಾನ್ಯವಾಗಿ 20.

ಟೈಪ್ 2ರ ಲೆಕ್ಕ ಹೀಗೆ: ಅಮೆರಿಕಕ್ಕೆ ಹೊರಟವರು ವಿಮಾನದ ಟಿಕೆಟ್ ದರಗಳನ್ನಷ್ಟೇ ಹೋಲಿಸ್ತಾರೆ, ಮನೆಯಿಂದ ನಿಲ್ದಾಣಕ್ಕೆ ಟ್ಯಾಕ್ಸಿಗೆ ಎಷ್ಟು ಅಂತ ಕೂಡಿಸೋದಿಲ್ಲ. ಹೊರಗಿನ ಖರ್ಚೇ ದೊಡ್ಡದು ಅನ್ನೋ ನಂಬಿಕೆ. ದಾವಣಗೆರೆಯಿಂದ ಹುಬ್ಬಳ್ಳಿಗೆ ಒಳಗಿನ ಕಾಸ್ಟ್ 10, ಬೆಂಗಳೂರಿಗೆ 60 ಅಂದುಕೋ. ಎರಡೂ ಕಡೆ ಟೈಪ್ 2, ಬೆಂಗಳೂರು 20, ಹುಬ್ಬಳ್ಳಿ 21 ಅಂತ ಸಾರಿದರೆ ದಾವಣಗೆರೆ ಬೆಂಗಳೂರನ್ನೇ ಹಿಡಿಯುತ್ತೆ. ಒಂದೇ ಒಂದು ಅಂಕಿಗೋಸ್ಕರ ಅಷ್ಟು ದೂರ! ಎರಡೂ 20 ಆದಾಗ ಮಾತ್ರ ಒಳಗಿನ ದೂರ ಕೇಳುತ್ತೆ, ಹತ್ತಿರದ ಹುಬ್ಬಳ್ಳಿಗೆ ಹೋಗುತ್ತೆ. ಟೈಪ್ 1 ಆದರೆ ಒಳಗಿನದು, ಹೊರಗಿನದು ಎರಡನ್ನೂ ಕೂಡಿಸುತ್ತೆ: ಮೊದಲಿನ 20, 21ಕ್ಕೆ ಬೆಂಗಳೂರು 80, ಹುಬ್ಬಳ್ಳಿ 31. ಎರಡು ಊರಲ್ಲಿ ಬಾಗಿಲಿರೋ ನೆಟ್‌ವರ್ಕಿಗೆ ಟೈಪ್ 1 ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದನ್ನ ಬರೀ ಸ್ಟ್ಯಾಂಡ್‌ಬೈ ಆಗಿ ಇಟ್ಟುಕೊಳ್ಳೋದಾದರೆ ಟೈಪ್ 2 ಇರಲಿ, ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಬೇರೆ ಇದೆ. ಯಾವ ರೂಟರೂ ಇನ್ನೊಂದನ್ನ ಕೇಳಿ ತೀರ್ಮಾನ ಮಾಡೋದಿಲ್ಲ. ಪ್ರತಿಯೊಂದೂ ತನ್ನ ಲೆಕ್ಕ ತಾನೇ ಹಾಕುತ್ತೆ, ಆದರೂ ಪ್ಯಾಕೆಟ್ ದಾರಿ ತಪ್ಪೋದಿಲ್ಲ, ಯಾಕಂದ್ರೆ ಎಲ್ಲರ ನಿಯಮವೂ ಒಂದೇ. ನಿಯಮ ಬೇರೆಯಾದರೆ ಇದು ಅದರ ಕಡೆ, ಅದು ಇದರ ಕಡೆ ತೋರಿಸ್ತಾ ಪ್ಯಾಕೆಟ್ ಸುತ್ತುತ್ತಲೇ ಇರುತ್ತೆ. 1994ರ ಆರ್‌ಎಫ್‌ಸಿ 1583ರ ನಿಯಮದಲ್ಲಿ, ಬೇರೆ ಬೇರೆ ಏರಿಯಾಗಳಿಂದ ಒಂದೇ ಹೊರದಾರಿ ಸಾರಿದಾಗ ಇಂಥ ಸುತ್ತು ಆಗೋ ಸಾಧ್ಯತೆ ಇತ್ತು. ಅದನ್ನ ತಪ್ಪಿಸೋಕೆ ಹೊಸ ನಿಯಮ ಬಂತು: ಹೊರದಾರಿ ಸಾರೋ ಗಡಿಯ ರೂಟರಿಗೆ, ಏರಿಯಾಗಳನ್ನ ಜೋಡಿಸೋ ಬ್ಯಾಕ್‌ಬೋನ್ ಅಲ್ಲದ ಏರಿಯಾದ ಒಳಗಿಂದಲೇ ದಾರಿ ಇದ್ದರೆ, ಕಾಸ್ಟ್ ಜಾಸ್ತಿಯಾದರೂ ಅದಕ್ಕೇ ಆದ್ಯತೆ. ಹಳೇ ನಿಯಮ ಬೇಕೋ ಹೊಸದು ಬೇಕೋ ಅನ್ನೋದಕ್ಕೆ ಒಂದು ಸೆಟ್ಟಿಂಗ್ ಇದೆ. ನಿಮ್ಮಲ್ಲಿ ಎರಡು ಕಂಪನಿಗಳ ರೂಟರ್ ಇವೆ ಅಂದೆಯಲ್ಲ, ಎಲ್ಲದರಲ್ಲೂ ಅದು ಒಂದೇ ಥರ ಇದೆಯಾ ಅಂತ ದಯವಿಟ್ಟು ನೋಡಿಸು.

ಹಾಂ, ಹುಬ್ಬಳ್ಳಿಯದನ್ನ ಟೈಪ್ 1 ಮಾಡೋಕೆ ಮೊದಲು ಓಎಸ್‌ಪಿಎಫ್ ಡೇಟಾಬೇಸ್‌ನಲ್ಲಿ ಅದರ ಫಾರ್ವರ್ಡಿಂಗ್ ಅಡ್ರೆಸ್ ನೋಡು. 0.0.0.0 ಇದ್ದರೆ ದೂರ ಅಳೆಯೋದು ಹುಬ್ಬಳ್ಳಿ ರೂಟರಿನವರೆಗೆ. ಬೇರೆ ವಿಳಾಸ ಇದ್ದರೆ ಆ ವಿಳಾಸದವರೆಗೆ. ಆ ವಿಳಾಸಕ್ಕೆ ಓಎಸ್‌ಪಿಎಫ್ ಒಳಗಿಂದಲೇ ದಾರಿ ಇಲ್ಲದಿದ್ದರೆ ಹುಬ್ಬಳ್ಳಿಯ ಸಾಲು ಟೇಬಲ್‌ಗೇ ಬರೋದಿಲ್ಲ, ನೀನು ಟೈಪ್ ಎಷ್ಟು ಬದಲಾಯಿಸಿದರೂ ದಾವಣಗೆರೆ ಬೆಂಗಳೂರನ್ನೇ ಹಿಡಿದಿರುತ್ತೆ.