ಬಿಲ್ಡರ್ ಮಹಾಶಯರಿಗೊಂದು ಅಭಿನಂದನಾ ಪತ್ರ

ಮಾನ್ಯ ಬಿಲ್ಡರ್ ಮಹಾಶಯರೇ,

ಬೆಂಗಳೂರಿನ ಹೊಸೂರು ರಸ್ತೆಯಾಚೆ ತಾವು ಎಬ್ಬಿಸಿದ ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯ ಮಾಲೀಕನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಬಣ್ಣದ ಬ್ರೋಷರಿನಲ್ಲಿ ‘ನಿವೃತ್ತಿಯ ನಂತರ ಕೂತು ಉಣ್ಣುವ ಆದಾಯ’ ಎಂದಿತ್ತು. ಕೂತಿರುವುದಂತೂ ನಿಜ, ಪ್ಲಂಬರ್ ಈಗ ಬರ್ತೀನಿ ಅಂದನೆಂದು ಖಾಲಿ ಫ್ಲ್ಯಾಟಿನಲ್ಲಿ. ಉಣ್ಣುತ್ತಿರುವವರು ಮಾತ್ರ ಬೇರೆ.

ಮೊದಲಿಗೆ ತಮ್ಮ ನೀರಿನ ಮಿತವ್ಯಯಕ್ಕೆ ಅಭಿನಂದನೆ. ಸ್ಲ್ಯಾಬ್ ಹಾಕಿದ ಮೇಲೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಿ ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456. ಟ್ಯಾಂಕರ್ ನೀರಿನ ಬೆಲೆ ಬಲ್ಲ ತಾವು ಕಾಂಕ್ರೀಟಿಗೆ ನಿರ್ಜಲ ಏಕಾದಶಿ ಮಾಡಿಸಿದಿರಿ. ಅಂದು ಸಿಗದ ನೀರನ್ನು ಅದೀಗ ಮಳೆಗಾಲವಿಡೀ ಹೀರಿ, ನನ್ನ ಹಾಲ್‌ನ ಚಾವಣಿಯಿಂದ ಬಕೆಟ್ಟಿಗೆ ಇಳಿಸುತ್ತಿದೆ.

ಆದರೆ ತಮ್ಮ ಮೇರುಕೃತಿ ಬಾತ್‌ರೂಮ್. ಪೈಪು ಹಾಯಿಸಲೆಂದು ನೆಲ ತಗ್ಗಿಸಿ ಸಂಕನ್ ಸ್ಲ್ಯಾಬ್ ಹಾಕಿದಿರಿ. ಅದಕ್ಕೆ ವಾಟರ್‌ಪ್ರೂಫಿಂಗ್ ಬಳಿದು, ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ, ಸೋರದಿದ್ದರಷ್ಟೇ ತುಂಬಿಸುವುದು ಬೇರೆಯವರ ವಾಡಿಕೆ. ತಾವು ಒಡೆದ ಇಟ್ಟಿಗೆ, ಗಾರೆ ಚೂರು, ಜೊತೆಗೆ ಯಾರೋ ತಿಂದೆಸೆದ ಗುಟ್ಕಾ ಪೊಟ್ಟಣವನ್ನೂ ತುಂಬಿ (ಅಗೆಸಿದಾಗ ಸಿಕ್ಕಿತು) ಮೇಲೆ ಟೈಲ್ಸ್ ಹಾಸಿದಿರಿ. ಟೈಲ್ಸ್ ಸಂದಿಯಿಂದ ಇಳಿದ ನೀರು ಅಲ್ಲೇ ಮಡುಗಟ್ಟಿ, ಗೋಡೆ ಹಿಡಿದು ಏರಿ, ಪಕ್ಕದ ಮಲಗುವ ಕೋಣೆಯಲ್ಲಿ ಬಿಳಿ ಉಪ್ಪಾಗಿ ಏಳುತ್ತದೆ. ವಾರ್ಡ್‌ರೋಬ್ ಇರುವುದು ಆ ಗೋಡೆಗೇ. ಬಾಡಿಗೆಗಿದ್ದ ಹುಡುಗಿ ಬಾಗಿಲು ತೆಗೆದು ತನ್ನ ಮದುವೆ ಸೀರೆಯನ್ನು ನನ್ನ ಕೈಗಿತ್ತಳು. ಜರಿಯಂಚಿನ ತುಂಬ ಬೂಷ್ಟು. “ಅಂಕಲ್, ಪೇಂಟಿಂಗ್‌ಗೆ ಅಂತ ನೀವು ಅಡ್ವಾನ್ಸಲ್ಲಿ ಮುರ್ಕೊಳ್ತೀರಲ್ಲ, ಇದಕ್ಕೆ ನಾವು ಯಾರ ಹತ್ರ ಮುರ್ಕೊಳ್ಳೋಣ?” ಎಂದಳು. ತಿಂಗಳ ನೋಟಿಸ್ ಕೊಟ್ಟು ಗಂಡಹೆಂಡಿರು ಹೊರಟರು.

ಈಗ ತಮಗೆ ಪ್ರಿಯವಾದ ರಿಟರ್ನ್ಸ್ ವಿಷಯ. ನೋಂದಣಿ ಸೇರಿ 75 ಲಕ್ಷದ ಫ್ಲ್ಯಾಟ್, ತಿಂಗಳಿಗೆ 24,000 ಬಾಡಿಗೆ. ವರ್ಷಕ್ಕೆ 2.88 ಲಕ್ಷ, ಅಂದರೆ ಶೇ 3.84. ಎಲ್ಲ ಸರಿಯಿದ್ದಾಗಲೇ ಇಷ್ಟು. ಇವರು ಹೋದ ಮೇಲೆ ಎರಡು ತಿಂಗಳು ಬೀಗ, 48,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, 24,000. ಆ ಸೀರೆ ಕಂಡ ಮೇಲೆ ಅಡ್ವಾನ್ಸಲ್ಲಿ ಮುರಿದುಕೊಳ್ಳಲು ಮನಸ್ಸಾಗದ ಪೇಂಟಿಂಗ್ 30,000, ಬಾತ್‌ರೂಮ್ ಒಡೆದು ಮಾಡಿಸಿದ್ದು 65,000. ಉಳಿದದ್ದು 1.21 ಲಕ್ಷ, ಅಂದರೆ ಶೇ 1.6. ಆಸ್ತಿ ತೆರಿಗೆ ಇನ್ನೂ ಕಳೆದಿಲ್ಲ. ಉಳಿತಾಯ ಖಾತೆಯ ಬಡ್ಡಿಯೇ ಮೇಲು, ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಬೂಷ್ಟೂ ಹಿಡಿಯುವುದಿಲ್ಲ. ಆದಾಯ ತೆರಿಗೆಯವರು ದುರಸ್ತಿ ಗಿರಸ್ತಿಗೆಲ್ಲ ಸೇರಿ ಆಸ್ತಿ ತೆರಿಗೆ ಕಳೆದ ಬಾಡಿಗೆಯ ಶೇ 30 ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಕೈಗೆ ಬಂದ 2.4 ಲಕ್ಷಕ್ಕೆ ಅದು ಹೆಚ್ಚೆಂದರೆ 72,000. ಅದರಾಚೆ ದುರಸ್ತಿ ಗಿರಸ್ತಿಗೆ ಖರ್ಚಾದದ್ದೆಲ್ಲ ಅವರ ಲೆಕ್ಕದಲ್ಲಿ ನನ್ನ ಗಳಿಕೆ! ಇನ್ನು ಮನೆ ನೋಡಲು ಬರುವವರೂ ಜಾಣರಾಗಿದ್ದಾರೆ. ಗೋಡೆಗೆ ಅಂಗೈ ಒತ್ತಿ ನೋಡಿ, ‘ಮೂರು ಸಾವಿರ ಇಳಿಸಿ’ ಅನ್ನುತ್ತಾರೆ.

ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಸೆಕ್ಷನ್ ತಮಗೆ ಬಾಯಿಪಾಠ. 2016ರ ಆ ಕಾಯ್ದೆಯ ಪ್ರಕಾರ, ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು. ಅದಕ್ಕೇ ಅಲ್ಲವೇ, ಪ್ರತಿ ದೂರಿಗೂ ತಮ್ಮ ಹುಡುಗ ಪುಟ್ಟಿ ಡಬ್ಬ ಹಿಡಿದು ಬರುವುದು? ತೇವದ ಗೋಡೆಗೇ ಪುಟ್ಟಿ ಬಳಿದು, ಮೊಬೈಲಿನಲ್ಲಿ ಫೋಟೋ ಹೊಡೆದು, ‘ಕ್ಲೋಸ್ಡ್’ ಎಂದು ಬರೆದು ಹೋಗುತ್ತಾನೆ. ಮುಂದಿನ ಮಳೆಗೆ ಅದು ಹಪ್ಪಳದಂತೆ ಎದ್ದು ಬರುತ್ತದೆ. ಮತ್ತೆ ದೂರು, ಮತ್ತೆ ಡಬ್ಬ. ಐದು ವರ್ಷವನ್ನು ಪುಟ್ಟಿಯಲ್ಲೇ ದಾಟಿಸುವ ಈ ಕಲೆಗೆ ರಾಜ್ಯೋತ್ಸವ ಪ್ರಶಸ್ತಿ ಇನ್ನೂ ಬಾರದಿರುವುದು ಅನ್ಯಾಯ.

ಅಂದಹಾಗೆ, ಐದನೇ ವರ್ಷ ಇನ್ನೂ ತುಂಬಿಲ್ಲ. ಫೋಟೋ, ಬಿಲ್ಲುಗಳ ಸಮೇತ ಬರಹದ ದೂರು ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಈ ಸಲ ನಮ್ಮ ಬ್ಲಾಕಿನ ಮಾಲೀಕರೆಲ್ಲರ ಸಹಿಯೂ ಅದರಲ್ಲಿದೆ. 30 ದಿನದೊಳಗೆ ಎಂಜಿನಿಯರನ್ನೂ ಮೇಸ್ತ್ರಿಯನ್ನೂ ಕಳಿಸಿಕೊಡಿ. ಪುಟ್ಟಿ ಹುಡುಗ ಬೇಡ.

ಇಂತಿ ತಮ್ಮ ಹೂಡಿಕೆದಾರ