ಬೀದಿದೀಪಾಧಿಕಾರಿಗಳಿಗೆ, ಕತ್ತಲೆಯ ಸಲುವಾಗಿ

ಮಹನೀಯರೇ,

ಈ ದಿನ ಬೆಳಗಿನಿಂದ ಹೊತ್ತಿಳಿಯುವವರೆಗೂ ತಮ್ಮ ಕಚೇರಿಯ ಕುಂಟುಬೆಂಚಿನ ಮೇಲೆ ಆಸೀನನಾಗಿದ್ದು, ಕಡೆಗೆ ‘ದೀಪ ಹಾಕಿಸುವುದಕ್ಕೆ ನಮೂನೆಯುಂಟು, ದೀಪಕ್ಕೆ ಮರೆ ಹಾಕಿಸುವುದಕ್ಕೆ ನಮೂನೆಯಿಲ್ಲ’ ಎಂಬ ದಿವ್ಯೋಪದೇಶವನ್ನು ಪಡೆದು ಮರಳಿದ ನಾನು, ಬೆಂಗಳೂರಿನ ನನ್ನ ಹಿತ್ತಲಿನಿಂದ ಆಂಡ್ರೊಮಿಡಾ ಗೆಲಾಕ್ಸಿಯ ಛಾಯಾಚಿತ್ರವನ್ನು ತೆಗೆಯಬೇಕೆಂಬ ದುರಾಶೆಯುಳ್ಳ ತೆರಿಗೆದಾರನು.

ಆ ಗೆಲಾಕ್ಸಿಯ ಬೆಳಕು 25 ಲಕ್ಷ ವರ್ಷಗಳ ಕಾಲ, ಯಾವ ನಮೂನೆಯನ್ನೂ ಭರ್ತಿಮಾಡದೆ ಪ್ರಯಾಣಮಾಡಿ, ನನ್ನ ಬೇಲಿಯವರೆಗೆ ಬಂದು, ತಮ್ಮ ಎಲ್‌ಇಡಿ ದೀಪದ ಪ್ರಭಾಪೂರದಲ್ಲಿ ಮುಳುಗಿಹೋಗುತ್ತದೆ. ಅಲ್-ಸೂಫಿಯೆಂಬ ಪಾರಸಿಕ ಜ್ಯೋತಿರ್ವಿದನು 964ರ ಸುಮಾರಿನಲ್ಲಿಯೇ ಅದನ್ನು ಗುರುತಿಸಿ ಬರೆದಿಟ್ಟನು. ಆತನ ಬೀದಿಯಲ್ಲಿ ತಮ್ಮ ಇಲಾಖೆಯಿರಲಿಲ್ಲ. ಚಂದ್ರಬಿಂಬಕ್ಕಿಂತ ಆರು ಪಟ್ಟು ಅಗಲವಾದರೂ ಅಷ್ಟಗಲಕ್ಕೂ ಹರಡಿ ಕ್ಷೀಣಿಸಿದ ಅದರ ಪ್ರಭೆಯಲ್ಲಿ ನನ್ನ ಪಾಲಿಗೆ ದಕ್ಕುವುದು ನಡುವಿನ ತಿರುಳೊಂದೇ.

ಹಿಂದಿನ ಹಳದಿ ಸೋಡಿಯಂ ದೀಪಗಳ ಬೆಳಕು ವರ್ಣಪಟಲದ ಕೆಲವೇ ಭಾಗಗಳಲ್ಲಿ ಅಡಕವಾಗಿದ್ದುದರಿಂದ, ಕ್ಯಾಮೆರಾದ ಮುಂದೊಂದು ಫಿಲ್ಟರನ್ನಿಟ್ಟು ಅದರ ಬಹುಭಾಗವನ್ನು ತಡೆಯಬಹುದಾಗಿತ್ತು. ತಮ್ಮ ಶ್ವೇತದೀಪವಾದರೋ, ನೀಲಿಯಿಂದ ಕೆಂಪಿನವರೆಗೆ ಸರ್ವವ್ಯಾಪಿಯಾಗಿ, ಅದನ್ನು ತಡೆಯಹೊರಟರೆ ಗೆಲಾಕ್ಸಿಯನ್ನೂ ತಡೆಯಬೇಕಾಗುತ್ತದೆ. ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಗಣಕಯಂತ್ರದಲ್ಲಿ ಆಗಸದ ಹೊಳಪನ್ನು ಕಳೆದರೂ, ಕಳೆಯುವುದು ಅದರ ಸರಾಸರಿ ಮಾತ್ರ. ಅದರ ಏರಿಳಿತದ ಗದ್ದಲ ಉಳಿದು, ಗೆಲಾಕ್ಸಿಯ ಸುರುಳಿಬಾಹುಗಳನ್ನು ನುಂಗುತ್ತದೆ.

‘ಕತ್ತಲೆ ಬೇಕಾದರೆ ಊರು ಬಿಡಿ’ ಎಂದರು ತಮ್ಮ ಗುಮಾಸ್ತರು. ಖಗೋಳ ವಿಜ್ಞಾನಿಗಳು ಅದನ್ನೇ ಮಾಡಿದ್ದಾರೆ: ಲಡಾಖಿನ ಹಾನ್ಲೆಯಲ್ಲಿ 2 ಮೀಟರಿನ ದೂರದರ್ಶಕವನ್ನಿರಿಸಿ, ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ನನಗೆ ಉಪಗ್ರಹವಿಲ್ಲ, ಹಿತ್ತಲಿದೆ. ಉಪಗ್ರಹಕ್ಕೂ ತಮ್ಮಲ್ಲಿ ನಮೂನೆಯಿರಲಾರದು.

ವಿನಯ ಸಾಕು. ದೀಪವನ್ನು ಆರಿಸಿರೆಂದು ನಾನು ಕೇಳಲೇ ಇಲ್ಲ. ಅದರ ಬೆಳಕು ಬೀದಿಗೆ ಬೀಳಲಿ ಎಂದಷ್ಟೇ ಕೇಳಿದೆ. ಬೀದಿಯ ಗುಂಡಿ ಕಾಣುವುದಿಲ್ಲ, ನನ್ನ ನುಗ್ಗೆಮರದ ಎಲೆಯೆಲೆಯೂ ಕಾಣುತ್ತದೆ! ಮುಗಿಲಿಗೆ ಸುರಿದ ಆ ಬೆಳಕಿನ ಖರ್ಚನ್ನು ತೆರುವವರೂ ನಾವೇ. ಒಂದು ತಗಡಿನ ತುಂಡನ್ನು ಬಾಗಿಸಿ ಮೊಳೆಹೊಡೆಯುವುದಕ್ಕೆ ಯಾವ ಕಾನೂನು ಅಡ್ಡಬರುತ್ತದೆ, ಸ್ವಾಮೀ?

ಕಾರ್ತಿಕದ ಅಮಾವಾಸ್ಯೆಯೊಳಗಾಗಿ ಆ ಮರೆಯನ್ನು ಹಾಕಿಸಿ. ಮಾಘ ಬಂದರೆ ಗೆಲಾಕ್ಸಿಯು ಮುಸ್ಸಂಜೆಗೇ ಪಡುವಣಕ್ಕೆ ವಾಲುತ್ತದೆ. ಏಣಿಯನ್ನೂ ಒಬ್ಬ ಆಳನ್ನೂ ಕಳುಹಿಸಿದರೆ ಸಾಕು, ತಗಡಿನ ಬೆಲೆಯನ್ನು ನಾನೇ ಕೊಡುವೆನು.

ಇತಿ,
ಒಬ್ಬ ತೆರಿಗೆದಾರ